ಮತ್ತು ಬಳಗ

ಐದು ಸಿ.ಡಿ., ಒಂದು ಪುಸ್ತಿಕೆ, ರಟ್ಟಿನ ಪೆಟ್ಟಿಗೆ.
ಕೊರಿಯರಿನ ಹುಡುಗ ಸಹಿ ಹಾಕಿಸಿಕೊಂಡು ಹೋದ.
ಮುಚ್ಚಳದ ಮೇಲೆ ಸಿರಿಲ್, ತಲೆತುಂಬ ಕೊಬ್ಬರಿ ಎಣ್ಣೆ,
ಗಿಟಾರು ಸೊಂಟದ ಮೇಲೆ, ಕೊಡ ಹೊತ್ತವಳ ಹಾಗೆ.
ಎಡ ಅಂಚಿನಲ್ಲಿ ಒಂದು ಮೊಣಕೈ ಇದೆ.
ಅದು ನಾನು.

ಸಿರಿಲ್ ಮಿನೇಜಸ್, ಸಮಗ್ರ ಧ್ವನಿಮುದ್ರಣಗಳು.
ಕೆಳಗೆ ಇರುವೆ ಸಾಲಿನಷ್ಟು ಸಣ್ಣಗೆ: ಮತ್ತು ಬಳಗ.
ಬಳಗ ಅಂದರೆ ಅಕಾರ್ಡಿಯನ್ನಿನ ಗ್ಲಾಡಿಸ್,
ದಪ್ಪ ತಂತಿ ಮೀಟುತ್ತಿದ್ದ ಫೌಂಡ್ರಿಯ ಗೋವಿಂದಸ್ವಾಮಿ,
ಇಬ್ಬರೂ ಹೋದರು.
ಈಗ ಬಳಗವೆಲ್ಲ ನಾನೊಬ್ಬನೇ,
ಮೈಲಾರಪ್ಪ, ಕುಲುಮೆ ವಿಭಾಗ, ಬಿ ಶಿಫ್ಟು, ನಿವೃತ್ತ.

ನನಗೆ ಬರುತ್ತಿದ್ದದ್ದು ಡೊಳ್ಳು ಒಂದೇ.
ಬೀರಪ್ಪನ ಗುಡಿ ಮುಂದೆ ಸಿರಿಲ್ ನೋಡಿದ,
ಮರುದಿನ ಕ್ಯಾಂಟೀನಿನಲ್ಲಿ ಕೇಳಿದ:
‘ಇದೇ ಪೆಟ್ಟು, ಕೂತು ಬಾರಿಸಕ್ಕಾಗತ್ತಾ?’
ಕೂತು!
ಡೊಳ್ಳು ಕೂತು ಬಾರಿಸೋದಂದ್ರೆ
ದಿಬ್ಬಣಕ್ಕೆ ಹೋಗಿ ಮಲಗಿದ ಹಾಗೆ.
ಆದರೂ ಅಡ್ಡ ಮಲಗಿಸಿದೆವು ಅದನ್ನ,
ಸೈಕಲ್ ಚೈನಿನಿಂದ ಕಾಲಿಗೊಂದು ಪೆಡಲು,
ತಾಳಕ್ಕೆ ಕ್ಯಾಂಟೀನಿನದೇ ತಟ್ಟೆ,
ಒಂದಲ್ಲ, ಎರಡು, ಇನ್ನೂ ವಾಪಸು ಕೊಟ್ಟಿಲ್ಲ.
ರಾಕ್ ಅಂಡ್ ರೋಲ್ ಅಂದ ಸಿರಿಲ್.
ಅಪ್ಪ ಕೇಳಿ, ‘ದೇವರು ಯಾರು ಇದಕ್ಕೆ?’ ಅಂದ.

ಮೊದಲ ಸಿ.ಡಿ. ಮದ್ರಾಸಿನದು. ಆ ನಾಲ್ಕು ಹಾಡು
ಊರಿಗೆಲ್ಲ ಗೊತ್ತು, ರೇಡಿಯೋದಲ್ಲಿ ಬಂದವು.
ಪುಸ್ತಿಕೆಯಲ್ಲಿದೆ: ಡ್ರಮ್ಸ್, ಮೈಲಾರಪ್ಪ.
ಸುಳ್ಳು. ಸ್ಟುಡಿಯೋದವರು ನನ್ನ ಡೊಳ್ಳು ನೋಡಿ ನಕ್ಕರು,
ಒಳಗೆ ಅವರದೇ ಒಬ್ಬ ಕೂತ, ಕೋಟು ಹಾಕಿದ್ದ.
ನಾನು ಹೊರಗೆ ಬೆಂಚಿನ ಮೇಲೆ
ಗಿಟಾರಿನ ಖಾಲಿ ಪೆಟ್ಟಿಗೆ ಕಾಯುತ್ತಿದ್ದೆ,
ಬಾಗಿಲಿಗೆ ದಪ್ಪ ರಜಾಯಿ ಹೊಡೆದಿದ್ದರು,
ಒಂದು ಪೆಟ್ಟೂ ಕೇಳಿಸಲಿಲ್ಲ.

ಮೂರನೆಯದು ನ್ಯೂಟೌನಿನ ಕ್ಲಬ್ಬು, ಶನಿವಾರಗಳು.
ಜರ್ಮನಿಯ ಎಂಜಿನಿಯರೊಬ್ಬ ಸ್ಪೂಲಿನಲ್ಲಿ ಹಿಡಿದದ್ದು.
ಗ್ಲಾಸು ಬೀಳುತ್ತೆ, ಯಾರೋ ಕೆಮ್ಮುತ್ತಾರೆ,
ಹತ್ತು ಗಂಟೆಯ ಸೈರನ್ನು ಪಲ್ಲವಿಯ ಮೇಲೇ ಏಳುತ್ತೆ,
ಸಿರಿಲ್ ಬಿಡಲಿಲ್ಲ, ಅದಕ್ಕೇ ಶ್ರುತಿ ಸೇರಿಸಿದ!
ಪ್ರತಿ ಹಾಡಿಗೂ ಮುಂಚೆ ಒಂದು ದನಿ:
ಒಂದ್, ಎರಡ್, ಒಂದೆರಡ್ಮೂರ್
ನನ್ನದು. ಕೂಡಿಸಿ ನೋಡಿದೆ,
ಐದು ಸಿ.ಡಿ.ಯಲ್ಲಿ ಹತ್ತೊಂಬತ್ತು ಸೆಕೆಂಡು.
ಅಲ್ಲಿ ಪುಸ್ತಿಕೆ ಹೇಳುತ್ತೆ: ಡ್ರಮ್ಸ್, ತಿಳಿದುಬಂದಿಲ್ಲ.

ಐದನೆಯದು ಮನೆಯ ಕ್ಯಾಸೆಟ್ಟುಗಳು.
ಅಷ್ಟೊತ್ತಿಗೆ ಅವನ ಗಂಟಲಲ್ಲಿ ಜರಡಿ ಹಿಡಿದ ಸದ್ದು.
ಒಂದು ಹಾಡು ನಡುವೆ ನಿಂತು,
‘ಭದ್ರಾ ಜಲಾಶಯದ ಇಂದಿನ ನೀರಿನ ಮಟ್ಟ
ನೂರ ಎಪ್ಪತ್ತೊಂದು ಅಡಿ’ ಅನ್ನುತ್ತೆ ಆಕಾಶವಾಣಿ.
ಯಾರೋ ಅದರ ಮೇಲೇ ತುಂಬಿಸಿಬಿಟ್ಟಿದ್ದಾರೆ.
ಹಾಗೇ ಇಟ್ಟಿದ್ದಾರೆ, ಒಳ್ಳೆಯದಾಯಿತು.
ಆ ಹಾಡಿನ ಕೊನೆ ನನಗೂ ಮರೆತಿದೆ.

ಸಂಜೆ ಫೋನು. ಪೆಟ್ಟಿಗೆ ಜೋಡಿಸಿದ ಹುಡುಗಿ ರುಹೀನಾ.
‘ತಪ್ಪಿದ್ದರೆ ಹೇಳಿ ಸಾರ್, ಮುಂದಿನ ಮುದ್ರಣಕ್ಕೆ ತಿದ್ದೋಣ.’
ತಡಿಯಮ್ಮ, ಇನ್ನೊಂದ್ಸಲ ಕೇಳ್ತೀನಿ ಅಂದೆ.

ಮದ್ರಾಸಿನದನ್ನೇ ಹಾಕಿದೆ, ಎರಡನೆಯ ಹಾಡು.
ಕೋಟಿನವನ ಕೈ ಚೊಕ್ಕಟ, ಅಳೆದು ಸುರಿದ ಹಾಗೆ.
ಚರಣ ತಿರುಗುವಲ್ಲಿ ನಾನು ಯಾವಾಗಲೂ
ಒಂದು ಪೆಟ್ಟು ಹೆಚ್ಚಿಗೆ ಹಾಕುತ್ತಿದ್ದೆ, ಡೊಳ್ಳಿನ ಚಟ.
ಅವನು ಹಾಕಲಿಲ್ಲ, ಅವನಿಗೇನು ಗೊತ್ತು.
ಅಲ್ಲಿ ಸಿರಿಲ್ ತಡೆಯುತ್ತಾನೆ,
ಅರ್ಧ ಮಾತ್ರೆ, ಬಾಯಿ ತೆರೆದವನು,
ಬಾಗಿಲ ಕಡೆ ನೋಡಿದ ಹಾಗೆ.
ಆಮೇಲೆ ಓಡಿ ಹಾಡು ಹಿಡಿಯುತ್ತಾನೆ.

ಅರವತ್ತು ವರ್ಷ ಎಲ್ಲರೂ ಕೇಳಿದ್ದಾರೆ ಅದನ್ನ.
ಅದೇ ಚೆಂದ ಅಂತ ಹೊಸಮನೆಯ ಹುಡುಗರು
ಹಾಗೇ ತಡೆದು ಹಾಡುತ್ತಿದ್ದರು.

ರುಹೀನಾಗೆ ಇನ್ನೂ ಫೋನು ಮಾಡಿಲ್ಲ.
ಮೊಮ್ಮಗಳು ರಿಮೋಟು ಕೇಳುತ್ತಿದ್ದಾಳೆ.
ಒಂದು ನಿಮಿಷ ಇರು ಕೂಸೇ,
ಆ ಜಾಗ ಬರ್ತಾ ಇದೆ,
ಬೆರಳು ಇಲ್ಲಿಡು, ಟೀಪಾಯಿ ಮೇಲೆ.
ನಾನು ಹೂಂ ಅಂದಾಗ ಹೊಡಿ.